ನಡುಕದಿಂದ ಹುಟ್ಟಿದ ಪದ

ತಿಪಟೂರು ಸೀಮೆಯ ಬಿಳಿಗೆರೆಯ ಕಡೆ ತೆಂಗಿನ ತೋಟವೊಂದರಲ್ಲಿ ನಡೆಯುತ್ತಿದ್ದೇವೆಂದು ಭಾವಿಸೋಣ. ಒಣಗಿದ ಗರಿಯೊಂದು ಪಕ್ಕದಲ್ಲಿ ದೊಪ್ಪನೆ ಬೀಳುತ್ತದೆ; ನಾವು ಬೆಚ್ಚುತ್ತೇವೆ. ಪಾತಿಯ ಬಳಿ ನಾಗರಹಾವು ಹೆಡೆಯೆತ್ತಿದರೆ ಭಯಪಡುತ್ತೇವೆ. ಎತ್ತು ಹಗ್ಗ ಕಿತ್ತುಕೊಂಡು ನಮ್ಮತ್ತ ನುಗ್ಗಿದರೆ ಗಾಬರಿಗೊಂಡು ಓಡುತ್ತೇವೆ. ಆದರೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿದ ಕಾಯಿಯನ್ನು ಸುಲಿದು, ಒಡೆದು, ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ತಂದ ರೈತನು ಅಂದಿನ ಧಾರಣೆಗಾಗಿ ಕಾದು ನಿಂತಾಗ ಅವನ ಎದೆಯಲ್ಲಿರುವುದು ಈ ಮೂರೂ ಅಲ್ಲ. ಅದು ಅಳುಕು. ಇಂಗ್ಲಿಷಿನಲ್ಲಿ ಇದಕ್ಕೆ ಸಮೀಪವಾದ ಪದ ‘ಟ್ರೆಪಿಡೇಷನ್’.

ಲ್ಯಾಟಿನ್ ಭಾಷೆಯ ‘ಟ್ರೆಪಿಡಾರೆ’ ಎಂಬ ಧಾತುವಿಗೆ ತಳಮಳಗೊಳ್ಳು, ನಡುಗು ಎಂಬ ಅರ್ಥಗಳುಂಟು. ಈ ಪದವು ಹುಟ್ಟಿದ್ದು ಅದರಿಂದಲೇ. ಅದೇ ಮೂಲದ ‘ಇನ್‌ಟ್ರೆಪಿಡ್’ ಎಂದರೆ ನಡುಗದವನು, ಧೀರನು. ಹಿಂದೆ ಖಗೋಳಶಾಸ್ತ್ರದಲ್ಲಿಯೂ ಈ ಪದವಿತ್ತು. ವಿಷುವದ್ಬಿಂದುಗಳು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತವೆಂದು ಮಧ್ಯಯುಗದ ಪಂಡಿತರು ನಂಬಿ, ಆ ಓಲಾಟವನ್ನು ಟ್ರೆಪಿಡೇಷನ್ ಎಂದೇ ಕರೆದರು. ನಮ್ಮ ‘ಸೂರ್ಯಸಿದ್ಧಾಂತ’ವೂ 27 ಅಂಶಗಳವರೆಗಿನ ಅಂತಹ ಓಲಾಟವನ್ನು ಹೇಳುತ್ತದೆ. ಆ ಬಿಂದುಗಳು ಒಂದೇ ದಿಕ್ಕಿನಲ್ಲಿ ಸರಿಯುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತವೆಂದು ಈಗ ತಿಳಿದಿದೆ. ಆಕಾಶದ ನಡುಕವು ಸುಳ್ಳಾಯಿತು; ಮನುಷ್ಯನ ನಡುಕ ಮಾತ್ರ ಉಳಿಯಿತು.

ಆ ನಡುಕಕ್ಕೆ ಕಾರಣವೇನು? ಮುಂದೆ ಆಪತ್ತಿದೆಯೆಂದು ಮೆದುಳು ಶಂಕಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಎಂಬ ರಸವನ್ನು ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ. ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ನಮ್ಮೆಲ್ಲರ ಕೈಗಳೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ, ಸದಾ ಕಂಪಿಸುತ್ತಿರುತ್ತವೆ. ಅಡ್ರಿನಲಿನ್ ಈ ಕಂಪನವನ್ನು ಹಿಗ್ಗಿಸಿ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಅಪಾಯ ಬಂದಾಗ ಹೋರಾಡುವುದಕ್ಕೆ ಅಥವಾ ಓಡುವುದಕ್ಕೆ ದೇಹವು ಹೀಗೆ ಅಣಿಯಾಗುತ್ತದೆಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು.

ಇನ್ನು ಪ್ರಯೋಗದ ವಿಚಾರ. ಟ್ರೆಪಿಡೇಷನ್ ಎಂಬುದು ಗ್ರಂಥಸ್ಥವಾದ, ಗಂಭೀರವಾದ ಪದ. ಆಡುಮಾತಿನಲ್ಲಿ ‘ನರ್ವಸ್’ ಎಂದರೆ ಸಾಕು. ಹೆಡೆಯೆತ್ತಿದ ಹಾವಿನೆದುರು ಇದು ಸಲ್ಲದು. ಏನಾಗುವುದೋ ತಿಳಿಯದ, ಮುಂದೆ ಬರಲಿರುವ ಸಂಗತಿಯ ಕುರಿತೇ ಇದನ್ನು ಬಳಸಬೇಕು. ‘ಅವನು ಅಳುಕುತ್ತಲೇ ಬಾಗಿಲು ತಟ್ಟಿದನು’ ಎಂಬಲ್ಲಿ ಇದು ಸರಿಯಾಗಿ ಹೊಂದುತ್ತದೆ. ಇಲ್ಲಿ ಅಳುಕೂ ಇದೆ, ಬಾಗಿಲು ತಟ್ಟಿದ್ದೂ ಇದೆ. ಗಾಬರಿಯಾದವನು ಓಡುತ್ತಾನೆ, ಅಳುಕುವವನು ಬಹುಮಟ್ಟಿಗೆ ಮುಂದಕ್ಕೇ ಹೆಜ್ಜೆಯಿಡುತ್ತಾನೆ.

ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಯನ್ನು ಹಿಡಿದ ಕೈ ನಡುಗಿದರೆ, ತಾನು ಹೇಡಿ, ಓದಿದ್ದೆಲ್ಲ ವ್ಯರ್ಥವಾಯಿತು ಎಂದು ಎಷ್ಟೋ ವಿದ್ಯಾರ್ಥಿಗಳು ಕುಗ್ಗುವುದುಂಟು. ನಡುಕವು ಅಂಥ ಯಾವ ತೀರ್ಪನ್ನೂ ಕೊಡುವುದಿಲ್ಲ. ಎದುರಿಗಿರುವ ಕೆಲಸವು ನಮಗೆ ಮುಖ್ಯವೆಂದು ದೇಹವು ತಿಳಿದಿದೆ, ಅಷ್ಟೆ. ಕೈ ನಡುಗುತ್ತಿರಲಿ, ಮೊದಲನೆಯ ಉತ್ತರವನ್ನು ಬರೆಯಲು ತೊಡಗೋಣ.