ಕಲ್ಲು ನಮ್ಮದು, ಕೆಲಸ ಯಾರದು?

ನಾನು ವಾಡಿ ಹುಡುಗ. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಕಲ್ಲಿದ್ದಲು ಉರಿಸುವುದು ಬಿಟ್ಟರೆ ಸಿಮೆಂಟಿನ ಮಾಲಿನ್ಯ ಮುಗಿಯುತ್ತದೆ ಎಂದುಕೊಂಡಿದ್ದೆ. ಬಿಇ ಓದುವಾಗ ಲೆಕ್ಕ ತಿಳಿಯಿತು: 100 ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ ಆ ಕಲ್ಲಿನಿಂದಲೇ 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ!

ಬ್ರಸೆಲ್ಸ್‌ನಲ್ಲಿರುವ ಯುರೋಪಿನ ಸಿಮೆಂಟ್ ಉದ್ಯಮದ ಸಂಘ ‘ಸೆಂಬ್ಯೂರೋ’, 2050ರೊಳಗೆ ಇಂಗಾಲ ತಟಸ್ಥವಾಗುವ ಮಾರ್ಗಸೂಚಿಯನ್ನು 2020ರಲ್ಲೇ ಪ್ರಕಟಿಸಿತು. ಕ್ಲಿಂಕರ್ ಪ್ರಮಾಣ ತಗ್ಗಿಸುವುದು, ಗೂಡಿನಿಂದ ಹೊರಬರುವ ಅನಿಲವನ್ನು ಹಿಡಿದಿಡುವುದು ಅದರ ಮುಖ್ಯ ದಾರಿಗಳು.

2050ಕ್ಕೆ ನನಗೆ ಐವತ್ತೂ ತುಂಬಿರುವುದಿಲ್ಲ. ಈ ಬದಲಾವಣೆ ನಮ್ಮಲ್ಲಿಗೂ ಬಂದೇ ಬರುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಗೆಳೆಯರೇ, ಈ ವಿದ್ಯೆಯನ್ನು ಈಗಲೇ ಕಲಿಯೋಣ. ಇಲ್ಲದಿದ್ದರೆ ಕಲ್ಲು, ದೂಳು ನಮ್ಮದು. ಒಳ್ಳೆಯ ಕೆಲಸ ಹೊರಗಿನವರದು.