ಮನೆಯಲ್ಲೇ ನುಂಗುವ ಸ್ತನ ಕ್ಯಾನ್ಸರ್ ಮಾತ್ರೆ: ಎಲ್ಲವನ್ನೂ ದೆಹಲಿ ಹವೆಯ ಮೇಲೆ ಹಾಕಬೇಡಿ

ಈ ಸಲದ ಬರಹ ಸ್ತನ ಕ್ಯಾನ್ಸರ್‌ಗೆ ಮನೆಯಲ್ಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ. ಅವರಿಗಿಂತ ಹೆಚ್ಚಾಗಿ ಅವರ ಜೊತೆಯಲ್ಲಿರುವ ಮಗ, ಮಗಳು, ಸೊಸೆ, ಯಜಮಾನರಿಗೆ.

ನೋಯ್ಡಾ, ಗುರುಗ್ರಾಮ, ದ್ವಾರಕಾ, ಮಯೂರ್ ವಿಹಾರ್ ಕಡೆ ಇರುವ ನಮ್ಮವರ ಮನೆಗಳಲ್ಲಿ ಹೀಗಾಗುವುದುಂಟು. ಊರಿನಿಂದ ಅಮ್ಮನನ್ನು ಚಿಕಿತ್ಸೆಗೆ ಕರೆತಂದಿದ್ದೀರಿ. ಏಮ್ಸ್‌ನಲ್ಲೋ, ರೋಹಿಣಿಯ ರಾಜೀವ್ ಗಾಂಧಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ತೋರಿಸಿದ್ದೀರಿ. ಡಾಕ್ಟರು "ಕೀಮೋ ಬೇಡ, ಮಾತ್ರೆ ಸಾಕು" ಅಂದಾಗ ಮನೆಯವರಿಗೆಲ್ಲ ನೆಮ್ಮದಿ. ಬಿಪಿ ಮಾತ್ರೆಯ ಪಕ್ಕದಲ್ಲೇ ಇದೂ ಕೂರುತ್ತದೆ. ನೀವು ಆಫೀಸಿಗೆ ಹೋಗುತ್ತೀರಿ, ಅಮ್ಮ ಒಬ್ಬರೇ ಮನೆಯಲ್ಲಿ. ಕೀಮೋ ಆಗಿದ್ದರೆ ನೋಡಿಕೊಳ್ಳಲು ನರ್ಸ್ ಇರುತ್ತಿದ್ದರು. ಈಗ ಆ ನರ್ಸ್ ನೀವೇ.

ಯಾವ ಮಾತ್ರೆಗಳು? ಹಾರ್ಮೋನ್‌ಗೆ ಸ್ಪಂದಿಸುವ, ಹರ್-2 ನೆಗೆಟಿವ್ ಸ್ತನ ಕ್ಯಾನ್ಸರ್‌ನಲ್ಲಿ ಇಂದು ಹೆಚ್ಚು ಕೊಡುವುದು ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್ ಎಂಬ ಮೂರರಲ್ಲಿ ಒಂದು. ಜೀವಕೋಶಕ್ಕೆ "ಇಬ್ಭಾಗವಾಗು" ಎಂದು ಹೇಳುವ ಎರಡು ಪ್ರೋಟೀನ್‌ಗಳನ್ನು ಇವು ತಡೆಯುತ್ತವೆ. ಕ್ಯಾನ್ಸರ್ ಕೋಶ ಅಲ್ಲಿಗೆ ನಿಲ್ಲುತ್ತದೆ. ತೊಂದರೆ ಏನೆಂದರೆ, ಮೂಳೆಯೊಳಗಿನ ಮಜ್ಜೆಯಲ್ಲಿ ಬಿಳಿ ರಕ್ತಕಣ ಹುಟ್ಟುವುದಕ್ಕೂ ಅದೇ ಸಂಕೇತ ಬೇಕು. ಹಾಗಾಗಿ ಬಿಳಿ ಕಣಗಳೂ ಕಡಿಮೆಯಾಗುತ್ತವೆ, ಅದರಲ್ಲೂ ಮೊದಲ ಎರಡರಲ್ಲಿ ಹೆಚ್ಚು. ರಕ್ತ ಪರೀಕ್ಷೆಗೆ ಮತ್ತೆ ಮತ್ತೆ ಕರೆಯುವುದು ಇದಕ್ಕೇ. "ಅಮ್ಮ ಚೆನ್ನಾಗೇ ಇದ್ದಾರಲ್ಲ, ಈ ಸಲ ಬಿಡೋಣ" ಅನ್ನಬೇಡಿ. ಕಣ ಕಡಿಮೆಯಾದದ್ದು ಮುಖ ನೋಡಿದರೆ ತಿಳಿಯುವುದಿಲ್ಲ.

ಲೆಕ್ಕದಲ್ಲಿ ಆಗುವ ತಪ್ಪೊಂದನ್ನು ಮೊದಲು ಹೇಳುತ್ತೇನೆ. ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್ ಸಾಮಾನ್ಯವಾಗಿ 21 ದಿನ ತೆಗೆದುಕೊಂಡು 7 ದಿನ ಬಿಡುವ ಮಾತ್ರೆ. ಜೊತೆಗೆ ಕೊಡುವ ಲೆಟ್ರೊಜೋಲ್‌ಗೆ ಬಿಡುವಿಲ್ಲ, ಅದು ದಿನವೂ. ಬಿಡುವಿನ ವಾರದಲ್ಲಿ ಎರಡನ್ನೂ ನಿಲ್ಲಿಸುವವರಿದ್ದಾರೆ, ಎರಡನ್ನೂ ಮುಂದುವರಿಸುವವರೂ ಇದ್ದಾರೆ. ಅಬೆಮಾಸಿಕ್ಲಿಬ್ ಆದರೆ ದಿನಕ್ಕೆರಡು ಸಲ, ಬಿಡುವೇ ಇಲ್ಲ. ಊರಿಂದ ತರಿಸಿಕೊಳ್ಳುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆಯಲ್ಲ, ಏಕಾದಶಿ ನೋಡುವ ಅದೇ ಹಾಳೆಯಲ್ಲಿ ಶುರುವಾದ ದಿನ, ನಿಲ್ಲಿಸುವ ದಿನ, ರಕ್ತ ಪರೀಕ್ಷೆಯ ದಿನ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಅಮ್ಮನಿಗೆ ಮೊಬೈಲ್ ಅಲಾರಾಂಗಿಂತ ಅದು ಹತ್ತಿರ. ಒಂದು ಹೊತ್ತು ಮರೆತರೆ, ಅಥವಾ ನುಂಗಿ ವಾಂತಿಯಾದರೆ, ಅದನ್ನು ತುಂಬಲು ಇನ್ನೊಂದು ನುಂಗಬಾರದು. ಮುಂದಿನದನ್ನು ಅದರ ಸಮಯಕ್ಕೇ ತೆಗೆದುಕೊಳ್ಳುವುದು. ಮಾತ್ರೆ ಅರೆದು, ಕ್ಯಾಪ್ಸೂಲ್ ಬಿಚ್ಚಿ ಅನ್ನದಲ್ಲಿ ಕಲಸುವುದೂ ಬೇಡ. ಪಾಲ್ಬೊಸಿಕ್ಲಿಬ್ ಕ್ಯಾಪ್ಸೂಲ್ ಆಗಿದ್ದರೆ ಊಟದ ಜೊತೆ, ಮಾತ್ರೆಯಾಗಿದ್ದರೆ ಹೇಗಾದರೂ ಸರಿ. ಏಕಾದಶಿ, ಶ್ರಾವಣ ಶನಿವಾರ ಎಂದು ಉಪವಾಸ ಮಾಡುವ ಅಮ್ಮಂದಿರು ಇದನ್ನು ಡಾಕ್ಟರ ಹತ್ತಿರ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಮುಖ್ಯ ವಿಷಯ. ದೆಹಲಿಯಲ್ಲಿ ಪ್ರತಿ ಋತುವಿಗೂ ಒಂದು ಕಾಯಿಲೆ ಇದೆ. ಬೇಸಿಗೆಯಲ್ಲಿ ಲೂ ಬಡಿದು ಭೇದಿ, ಮಳೆಗಾಲ ಮುಗಿಯುತ್ತಲೇ ಡೆಂಗಿ ಮತ್ತು "ವೈರಲ್", ದೀಪಾವಳಿಯ ಹೊತ್ತಿಗೆ ಹೊಗೆಮಂಜಿನ ಕೆಮ್ಮು. ಈ ಮಾತ್ರೆಗಳ ಅಪಾಯಕಾರಿ ಅಡ್ಡಪರಿಣಾಮಗಳೂ ಇವೇ ಮೂರು: ಭೇದಿ, ಜ್ವರ, ಕೆಮ್ಮು-ಉಬ್ಬಸ. ಪಕ್ಕದ ಮನೆಯವರಿಗೂ ಜ್ವರ, ನಿಮಗೂ ಕೆಮ್ಮು, ಹಾಗಾಗಿ ಅಮ್ಮನದೂ ಅದೇ ಎಂದುಕೊಂಡು ಮೂರು ದಿನ ಕಳೆದುಬಿಡುತ್ತೀರಿ. ಆ ಮೂರು ದಿನಗಳದ್ದೇ ನನಗೆ ಭಯ.

ಜ್ವರದಿಂದ ಶುರು ಮಾಡೋಣ. ಬಿಳಿ ಕಣ ಕಡಿಮೆ ಇರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಕೀಮೋಗೆ ಹೋಲಿಸಿದರೆ ಈ ಮಾತ್ರೆಗಳಲ್ಲಿ ಇಂಥ ಸೋಂಕು ಅಪರೂಪ, ನಿಜ. ಆದರೆ ಬಂದಾಗ ಗಂಟೆಗಳಲ್ಲಿ ಏರುತ್ತದೆ. ಮೊದಲು ಥರ್ಮಾಮೀಟರ್, ಆಮೇಲೆ ಆಸ್ಪತ್ರೆಗೆ ಫೋನ್. ಡೋಲೋ ನುಂಗಿಸಿ "ಬೆಳಿಗ್ಗೆ ನೋಡೋಣ" ಅಂದರೆ ಜ್ವರದ ಅಂಕಿ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಡೆಂಗಿ ಇರಲಾರದು ಅಂತಲ್ಲ, ಇದ್ದರೂ ಇರಬಹುದು. ಅದನ್ನು ತೀರ್ಮಾನಿಸಬೇಕಾದದ್ದು ಅದೇ ದಿನ ಮಾಡಿಸಿದ ರಕ್ತ ಪರೀಕ್ಷೆ, ನಾವಲ್ಲ.

ಇನ್ನು ಕೆಮ್ಮು. ಈ ಮೂರೂ ಮಾತ್ರೆಗಳಿಂದ ಅಪರೂಪಕ್ಕೆ ಶ್ವಾಸಕೋಶದಲ್ಲೇ ಊತ ಬರಬಹುದು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಲಕ್ಷಣ ಒಣಕೆಮ್ಮು, ಎದೆ ಬಿಗಿತ, ಸ್ವಲ್ಪ ನಡೆದರೂ ಏದುಸಿರು. ನವೆಂಬರಿನ ದೆಹಲಿಯಲ್ಲಿ ಇದು ಯಾರಿಗಿಲ್ಲ ಹೇಳಿ! ವ್ಯತ್ಯಾಸ ಕಂಡುಹಿಡಿಯಲು ಒಂದು ಸುಲಭ ಪ್ರಶ್ನೆ: ಹೋದ ವಾರ ಆರಾಮಾಗಿ ಮಾಡುತ್ತಿದ್ದ ಕೆಲಸ ಈ ವಾರ ಆಗುತ್ತಿಲ್ಲವೇ? ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕೂರುತ್ತಾರೆಯೇ? ಹೌದಾದರೆ ಏರ್ ಪ್ಯೂರಿಫೈಯರ್ ಹಾಕಿ ಕಾಯಬೇಡಿ, ಮುಂದಿನ ಮಾತ್ರೆ ನುಂಗುವ ಮೊದಲೇ ಡಾಕ್ಟರನ್ನು ಕೇಳಿ. ಉಬ್ಬಸದ ಜೊತೆ ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಸೂಚನೆಯಿರಬಹುದು. ಆಗ ನೇರ ಎಮರ್ಜೆನ್ಸಿಗೆ ಹೋಗಿ.

ಕೆಮ್ಮಿಗೆ ಬೀದಿ ಕೊನೆಯ ಕೆಮಿಸ್ಟ್ ಏನು ಕೊಡುತ್ತಾನೆ? ಅಜಿತ್ರೊಮೈಸಿನ್. ವಾಂತಿ ಅಂದರೆ ಒಂಡಾನ್‌ಸೆಟ್ರಾನ್. ಚೀಟಿ ಕೇಳುವವರು ಕಡಿಮೆ. ರೈಬೊಸಿಕ್ಲಿಬ್ ಹೃದಯದ ಬಡಿತದ ವಿದ್ಯುತ್ ಲಯವನ್ನು ನಿಧಾನ ಮಾಡಬಲ್ಲದು. ಅದಕ್ಕೇ ಶುರುಮಾಡುವ ಮೊದಲು, ಮತ್ತೆ ಮೊದಲ ಸುತ್ತಿನ 14ನೇ ದಿನದ ಸುಮಾರಿಗೆ ಇಸಿಜಿ ಮಾಡಿಸುತ್ತಾರೆ. ಮೇಲೆ ಹೇಳಿದ ಎರಡೂ ಔಷಧಿ ಅದೇ ಲಯವನ್ನು ಮುಟ್ಟುತ್ತವೆ. ಎರಡೂ ಸೇರಿದರೆ ತಲೆತಿರುಗಿ ಬೀಳುವ ಮಟ್ಟಕ್ಕೆ ಹೋಗಬಹುದು. ಕ್ಲಾರಿತ್ರೊಮೈಸಿನ್, ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ರಕ್ತದಲ್ಲಿ ಈ ಮಾತ್ರೆಗಳ ಪ್ರಮಾಣ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್, ಮೂರ್ಛೆಯ ಫೆನಿಟಾಯಿನ್ ತಗ್ಗಿಸಿಬಿಡುತ್ತವೆ. ಹೆಸರು ನೆನಪಿಡಬೇಕಾಗಿಲ್ಲ. ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಬೇರೆ ಯಾವ ಮಾತ್ರೆಯನ್ನೂ ಕೊಡಬೇಡಿ, ಅಷ್ಟೇ.

ಹಣ್ಣಿನಲ್ಲಿ ನಮ್ಮವರಿಗೆ ಮುಖ್ಯವಾದದ್ದು ಚಕ್ಕೋತ. ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದು ಔಷಧಿ ಪೊಟ್ಟಣದ ಚೀಟಿಯಲ್ಲಿ ಬರೆದಿರುತ್ತದೆ, ನಾವು ಅದನ್ನು ತಿನ್ನುವುದಿಲ್ಲವಲ್ಲ ಎಂದು ಸುಮ್ಮನಾಗುತ್ತೇವೆ. ದೇವನಹಳ್ಳಿ ಚಕ್ಕೋತ ಅದರ ದೊಡ್ಡಪ್ಪನ ಮಗ. ಔಷಧಿಯನ್ನು ಕರಗಿಸುವ ಲಿವರ್, ಕರುಳಿನ ಕಿಣ್ವವನ್ನು ಅದೂ ತಡೆಯುತ್ತದೆ. ಇಲ್ಲಿ ಚಕೋತ್ರ ಅನ್ನುತ್ತಾರೆ. ಅಮೃತಬಳ್ಳಿ ಕಷಾಯವನ್ನೂ ನಿಲ್ಲಿಸಿ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ, ಮತ್ತು ಈ ಮಾತ್ರೆಗಳೂ ಲಿವರ್ ಮೇಲೆ ಭಾರ ಹಾಕುತ್ತವೆ. ಸಾರಿಗೆ ಹಾಕುವ ಅರಿಶಿನಕ್ಕೆ ಭಯ ಬೇಡ.

ಭೇದಿ ಹೆಚ್ಚಾಗಿ ಅಬೆಮಾಸಿಕ್ಲಿಬ್‌ನದು. ಹತ್ತರಲ್ಲಿ ಎಂಟು ಜನಕ್ಕೆ ಬರುತ್ತದೆ, ಸಾಮಾನ್ಯವಾಗಿ ಮೊದಲ ವಾರಗಳಲ್ಲೇ. ಲೋಪೆರಮೈಡ್ ಮಾತ್ರೆಯನ್ನು ಮೊದಲೇ ಬರೆಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ. ಮೊದಲನೇ ಸಲ ನೀರಾಗಿ ಹೋದ ಕೂಡಲೇ ಡಾಕ್ಟರು ಹೇಳಿದಂತೆ ಶುರುಮಾಡಿ, ಓಆರ್‌ಎಸ್, ಗಂಜಿ ಕೊಡಿ. 45 ಡಿಗ್ರಿಯ ಜೂನ್‌ನಲ್ಲಿ ದೇಹದ ನೀರು ಎರಡು ಕಡೆಯಿಂದ ಹೋಗುತ್ತದೆ. ಒಂದು ದಿನದೊಳಗೆ ಹಿಡಿತಕ್ಕೆ ಬರದಿದ್ದರೆ ಆಸ್ಪತ್ರೆಗೆ ತಿಳಿಸಿ. ಹೊರಗಿನ ಛೋಲೆ ಭಟೂರೆಯನ್ನು ಆಮೇಲೆ ಬೈಯೋಣ.

ಬೆಲೆಯ ಮಾತು. ಪಾಲ್ಬೊಸಿಕ್ಲಿಬ್ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿದ ಮೇಲೆ ಹಲವು ಕಂಪನಿಗಳ ಜೆನೆರಿಕ್ ಬಂದು ಬೆಲೆ ಬಹಳ ಇಳಿದಿದೆ. ಜೆನೆರಿಕ್ ಕೊಡಿ ಎಂದು ಕೇಳಲು ಸಂಕೋಚ ಬೇಡ. ಅಮೃತ್ ಫಾರ್ಮಸಿಗಳಲ್ಲೂ ವಿಚಾರಿಸಿ. ಆದರೆ "ಅರ್ಧ ಬೆಲೆಗೆ ತಂದುಕೊಡುತ್ತೇನೆ" ಎನ್ನುವ ಪರಿಚಯಸ್ಥರನ್ನು ದೂರವಿಡಿ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಹಿಡಿದ ಜಾಲ ದುಬಾರಿ ಕ್ಯಾನ್ಸರ್ ಇಂಜೆಕ್ಷನ್‌ಗಳ ಖಾಲಿ ಸೀಸೆಗೆ ಬೇರೇನೋ ತುಂಬಿ ಮಾರುತ್ತಿತ್ತು. ಬ್ಯಾಚ್ ನಂಬರ್ ಇರುವ ಬಿಲ್ ಇಲ್ಲದೆ ಒಂದು ಪಟ್ಟಿಯನ್ನೂ ಕೊಳ್ಳಬೇಡಿ. ಹಣ ಉಳಿಸಲೆಂದು ಅಮ್ಮ ಗುಟ್ಟಾಗಿ ದಿನ ಬಿಟ್ಟು ದಿನ ನುಂಗುವುದೂ ಉಂಟು, ಆಗಾಗ ಮಾತ್ರೆ ಎಣಿಸಿ.

ಊರಿಗೆ ಹೋಗುವಾಗ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ. ಮಾತ್ರೆ ಕೈಚೀಲದಲ್ಲಿರಲಿ, ಒಂದು ವಾರದ್ದು ಹೆಚ್ಚಿಗೆ ಇರಲಿ. ಬಿಸಿಲಿಗೆ ನಿಂತ ಕಾರಿನಲ್ಲಿ, ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ. ಮೊಮ್ಮಕ್ಕಳ ಕೈಗೆ ಎಟುಕಬಾರದು.

ಕೊನೆಗೆ, ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ: ಮಾತ್ರೆಯ ಹೆಸರು, ಪ್ರಮಾಣ, ಈ ಸುತ್ತು ಶುರುವಾದ ತಾರೀಖು, ಆಸ್ಪತ್ರೆಯ ಫೋನ್, ನಿಮ್ಮ ಫೋನ್, 112. ಹಿಂದಿಯಲ್ಲೂ ಬರೆಯಿರಿ, ಪಕ್ಕದ ಮನೆಯವರು ಓದಬೇಕಲ್ಲ. ಅಮ್ಮ ಒಬ್ಬರೇ ಇದ್ದಾಗ ಬೇಕಾದೀತು ಎಂದು ಈ ಒಂದು ವಾಕ್ಯ ಬಾಯಿಪಾಠ ಮಾಡಿಸಿ: "ಮೈ ಕ್ಯಾನ್ಸರ್ ಕೀ ಗೋಲೀ ಲೇತೀ ಹೂಂ, ಮುಝೇ ಬುಖಾರ್ ಹೈ, ಖೂನ್ ಕೀ ಜಾಂಚ್ ಆಜ್ ಹೀ ಕರ್ ದೀಜಿಯೇ."