ಹೊಗೆ ಕಾಣದ ಬೆಂಕಿ, ಹೊಗೆಯ ದಾರಿ: ಹುಬ್ಬಳ್ಳಿ-ಧಾರವಾಡದ ಬಚ್ಚಲುಮನೆಗಳಲ್ಲಿ ಅನಿಲ ಇಂಧನ

ಶೀತದೇಶಗಳಂತೆ ಕೋಣೆಗಳನ್ನು ಕಾಯಿಸಿಕೊಳ್ಳುವ ಅಗತ್ಯ ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿಲ್ಲ. ಇಲ್ಲಿನ ಮನೆಗಳಲ್ಲಿ ಬೆಂಕಿಗೆ ಇರುವ ಸ್ಥಾನಗಳು ಎರಡು: ಅಡಿಗೆಮನೆಯ ಒಲೆ ಮತ್ತು ಬಚ್ಚಲಿನ ಹಂಡೆಯ ಒಲೆ. ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಗಳ ಹೊಗೆ ಕಣ್ಣಿಗೆ ಕಾಣುವಂಥದು, ಕಣ್ಣನ್ನು ಉರಿಸುವಂಥದು. ಆದ್ದರಿಂದಲೇ ಮಾಳಿಗೆಮನೆಯ ಬೆಳಕಿಂಡಿ, ಹಂಚಿನ ಮನೆಯ ಹಂಚುಗಳ ಸಂದು ಮತ್ತು ಗೋಡೆಯ ಗಿಂಡಿ ಹೊಗೆಗೆ ದಾರಿಯಾಗಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು ಹೊಗೆಕೊಳವೆಯನ್ನು ಒಲೆಯ ಅಂಗವನ್ನಾಗಿಯೇ ಮಾಡಿತು.

ಸಿಲಿಂಡರ್ ಅನಿಲ ಬಂದ ಮೇಲೆ ಈ ದೃಷ್ಟಿ ಸಡಿಲಗೊಂಡಿತು. ಮಸಿಯಿಲ್ಲ, ಇಲ್ಲಣವಿಲ್ಲ, ಹಾಗಾಗಿ ಗಿಂಡಿಯೂ ಬೇಡವೆಂಬ ಭಾವನೆ ಬೆಳೆಯಿತು. ಈ ಭಾವನೆಯೇ ಅಪಾಯದ ಮೂಲ. ಒಂದು ಕಿಲೋಗ್ರಾಂ ಅಡಿಗೆ ಅನಿಲ ಪೂರ್ಣವಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. 1.5 ಮೀಟರ್ ಅಗಲ, 2 ಮೀಟರ್ ಉದ್ದ, 2.5 ಮೀಟರ್ ಎತ್ತರದ ಬಚ್ಚಲಿನಲ್ಲಿರುವ ಗಾಳಿ 7.5 ಘನ ಮೀಟರ್ ಮಾತ್ರ. ಬಾಗಿಲು, ಕಿಟಕಿ ಮುಚ್ಚಿದ ಇಂಥ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಆಮ್ಲಜನಕ ಕುಗ್ಗಿ ಇಂಗಾಲದ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ರಕ್ತದ ಹಿಮೋಗ್ಲೋಬಿನ್ನೊಡನೆ ಅದು ಬೆರೆಯುವ ಶಕ್ತಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ಸೋರಿದ ಅನಿಲವು ಬೆರೆಸಿದ ವಾಸನೆಯಿಂದ ಪತ್ತೆಯಾಗುತ್ತದೆ; ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಮೃತರಾಗುವುದು ಹೀಗೆಯೇ. ಆದ್ದರಿಂದ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವೆಡೆಯಲ್ಲಿ ಅಳವಡಿಸಿ ಬಿಸಿನೀರನ್ನು ಮಾತ್ರ ಒಳಗೆ ತರುವುದು ಸುರಕ್ಷಿತ ಕ್ರಮ.

ಹಂಡೆಯ ಒಲೆಗಿದ್ದ ಹಳೆಯ ಹೊಗೆಗೂಡಿಗೇ ಗೀಸರಿನ ಕೊಳವೆಯನ್ನು ಜೋಡಿಸಬಹುದೇ ಎಂಬುದು ಸಹಜ ಪ್ರಶ್ನೆ. ಇದ್ದಂತೆಯೇ ಬಳಸುವುದು ಯುಕ್ತವಲ್ಲ. ಅನಿಲ ಉರಿದಾಗ ನೀರಾವಿ ಹುಟ್ಟುತ್ತದೆ, 14.2 ಕಿಲೋಗ್ರಾಂ ತೂಕದ ಒಂದು ಸಿಲಿಂಡರಿನ ಅನಿಲದಿಂದ ಸುಮಾರು 22 ಲೀಟರ್ ನೀರು. ಅಗಲವಾದ ತಣ್ಣನೆಯ ಗೂಡಿನಲ್ಲಿ ಅನಿಲಗಳು ಬೇಗ ಆರಿ, ಮೇಲೇರುವ ಸೆಳೆತ ಕುಗ್ಗುತ್ತದೆ. ಆವಿಯು ನೀರಾಗಿ ಇಳಿದು ಗಾರೆಯನ್ನು ಕೆಡಿಸುತ್ತದೆ. ಸಡಿಲಗೊಂಡ ಹಳೆಯ ಮಸಿ ಬಿದ್ದು ದಾರಿಯನ್ನು ಮುಚ್ಚಬಹುದು. ಗೂಡನ್ನು ಶುಚಿಗೊಳಿಸಿ, ಉಪಕರಣಕ್ಕೆ ತಕ್ಕ ಅಳತೆಯ ತುಕ್ಕುಹಿಡಿಯದ ಲೋಹದ ಕೊಳವೆಯನ್ನು ಅದರೊಳಗೆ ಇಳಿಸಬೇಕು. ಮಳೆಗಾಲದ ಪಡುವಣ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳದಂತೆ ಕೊಳವೆಯು ಮಾಳಿಗೆಯ ಕೈಪಿಡಿ ಗೋಡೆಗಿಂತ ಎತ್ತರವಾಗಿದ್ದು, ತುದಿಗೆ ಟೋಪಿ ಇರಬೇಕು. ಅಡಿಗೆಮನೆಯ ಗಾಳಿ ಹೊರದೂಡುವ ಫ್ಯಾನೂ ಈ ಸೆಳೆತವನ್ನು ತಿರುಗಿಸಬಲ್ಲದು. ಒಳಗಾಳಿಗೆ ಬೇರೆ ದಾರಿ ಅವಶ್ಯ.

ದಾಭೋಲ್-ಬೆಂಗಳೂರು ಅನಿಲ ಕೊಳವೆಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿದ ನಂತರದ ವರ್ಷಗಳಲ್ಲಿ ಅವಳಿನಗರದ ಮನೆಗಳಿಗೆ ಕೊಳವೆ ಅನಿಲ ಬರತೊಡಗಿತು. ಸಿಲಿಂಡರ್ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡುತ್ತದೆ. ಬಹುಪಾಲು ಮೀಥೇನ್ ಆಗಿರುವ ಕೊಳವೆ ಅನಿಲ ಹಗುರ, ಸೂರಿನಡಿ ಸೇರುತ್ತದೆ. ಹಾಗಾಗಿ ಮೊದಲನೆಯದಕ್ಕೆ ನೆಲಮಟ್ಟದ ಗಿಂಡಿಯೂ ಎರಡನೆಯದಕ್ಕೆ ಸೂರಿನ ಬಳಿಯ ಗಿಂಡಿಯೂ ಮುಖ್ಯ. ಹಳೆಯ ಬೆಳಕಿಂಡಿ ಈ ಎರಡನೆಯ ಕೆಲಸಕ್ಕೆ ಇಂದಿಗೂ ಒದಗುತ್ತದೆ. ಇಂಧನ ಬದಲಾದಾಗ ಹೊಗೆಯ ದಾರಿಯನ್ನು ಮುಚ್ಚುವುದಲ್ಲ, ಹೊಸ ಇಂಧನಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಅಗತ್ಯ.